ಠಾಣೆ, ಥಾಣೆ ಮತ್ತು ಒಂದು ಫೈಲು

ನಮ್ಮ ಸಂಚಿಕೆಯ ಲೇಖನಗಳನ್ನು ಈಗ 'ಗಿಟ್' ಎಂಬ ವ್ಯವಸ್ಥೆಯಲ್ಲಿ ಇಡುತ್ತೇವೆ, ಒಂದೊಂದು ಲೇಖನಕ್ಕೆ ಒಂದೊಂದು ಫೈಲು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಬರೆದದ್ದು ಇದು. 'ಕಮಿಟ್' ಕೊಟ್ಟಾಗಲೆಲ್ಲ ಆ ಹೊತ್ತಿನ ಪ್ರತಿಯನ್ನು ದಾಖಲೆ ಮಾಡಿಕೊಳ್ಳುತ್ತದೆ.

ಹೋದ ವಾರ ನಾನೊಂದು ಅವಾಂತರ ಮಾಡಿದೆ. ಡೊಂಬಿವಲಿಯ ಹಿರಿಯರೊಬ್ಬರು ಬರೆದುಕೊಟ್ಟ ನೆನಪುಗಳಲ್ಲಿ ಊರಿನ ಹೆಸರು ಒಂದು ಕಡೆ 'ಠಾಣೆ', ಇನ್ನೊಂದು ಕಡೆ 'ಥಾಣೆ' ಅಂತಿತ್ತು. ಎಲ್ಲಾ 'ಥಾಣೆ' ಆಗಲಿ ಎಂದು ಒಂದೇ ಏಟಿಗೆ ಬದಲಾಯಿಸಿಬಿಟ್ಟೆ. ಪೊಲೀಸ್ ಠಾಣೆಯೂ 'ಪೊಲೀಸ್ ಥಾಣೆ' ಆಗಿಹೋಯ್ತು! ಉಲ್ಟಾ ಬದಲಾಯಿಸಿದರೆ ಊರೆಲ್ಲ 'ಠಾಣೆ' ಆಗುತ್ತೆ. ಮೊದಲು ಎಲ್ಲಿ ಯಾವುದಿತ್ತು ಎಂಬ ಗುರುತೇ ಫೈಲಿನಲ್ಲಿ ಉಳಿದಿರಲಿಲ್ಲ. ಕೈಬರಹದ ಪ್ರತಿಯನ್ನು ಅವರು ವಾಪಸು ಒಯ್ದಿದ್ದರು. ಮತ್ತೆ ಕೇಳಲು ನನಗೆ ನಾಚಿಕೆ. ಪುಣ್ಯಕ್ಕೆ, ಟೈಪು ಮಾಡಿದ ದಿನವೇ ಕಮಿಟ್ ಕೊಟ್ಟಿದ್ದೆ.

ಕಲ್ಯಾಣದ ಗೆಳೆಯ ಫೋನಿನಲ್ಲಿ, "ರೀಸೆಟ್ ಹಾರ್ಡ್ ಕೊಡೋ, ಎಲ್ಲಾ ಮೊದಲಿನ ಹಾಗಾಗುತ್ತೆ" ಅಂದ. ಆ 'ಎಲ್ಲಾ' ಎಂಬಲ್ಲೇ ಅಪಾಯ. ಬೇರೆ ನಾಲ್ಕು ಲೇಖನಗಳ ತಿದ್ದುಪಡಿ, ಎರಡು ರಾತ್ರಿಯ ಕೆಲಸ, ಇನ್ನೂ ಕಮಿಟ್ ಆಗಿರಲಿಲ್ಲ. ಅದೂ ಹೋಗುತ್ತಿತ್ತು.

ನನಗೆ ಬೇಕಿದ್ದದ್ದು 'ಗಿಟ್ ರಿಸ್ಟೋರ್', ಅದರ ಮುಂದೆ ಆ ಒಂದು ಫೈಲಿನ ಹೆಸರು, ಅಷ್ಟೇ. 2019ರಲ್ಲಿ ಬಂದ ಆಜ್ಞೆ ಇದು. ಅದಕ್ಕೆ ಮುಂಚೆ ಈ ಕೆಲಸಕ್ಕೆ 'ಚೆಕ್‌ಔಟ್' ಇತ್ತು, ಈಗಲೂ ಇದೆ. ಆದರೆ ರಿಸ್ಟೋರ್ ಒಂದು ಮಾತೂ ಕೇಳದೆ ಅಳಿಸುತ್ತದೆ. ಕಮಿಟ್ ಆಗದ ತಿದ್ದುಪಡಿಯ ನಕಲು ಎಲ್ಲೂ ಉಳಿಯದು. ಆದ್ದರಿಂದ ಮೊದಲು 'ಗಿಟ್ ಡಿಫ್' ನೋಡಬೇಕು: ಹಳೆಯ ಸಾಲಿಗೆ ಕಳೆಯುವ ಚಿಹ್ನೆ, ಹೊಸ ಸಾಲಿಗೆ ಕೂಡುವ ಚಿಹ್ನೆ. ಅದೇ ಲೇಖನದಲ್ಲಿ ನಾನು ಸರಿಮಾಡಿದ್ದ ಆರು ಕಾಗುಣಿತದ ತಪ್ಪುಗಳು ಅಲ್ಲಿ ಕಂಡವು. ಚೀಟಿಯಲ್ಲಿ ಬರೆದುಕೊಂಡೆ, ಆಮೇಲೆ ರಿಸ್ಟೋರ್ ಕೊಟ್ಟೆ.

ತಪ್ಪು ಆಗಲೇ ಕಮಿಟ್ ಆಗಿಹೋಗಿದ್ದರೆ? ಆ ಫೈಲಿನ 'ಲಾಗ್' ತೆಗೆದು, ಸರಿಯಿದ್ದ ಕಮಿಟ್ಟನ್ನು ಹುಡುಕಿ, ಅದನ್ನೇ 'ಸೋರ್ಸ್' ಎಂದು ತೋರಿಸಿ ರಿಸ್ಟೋರ್ ಮಾಡಿ, ಮತ್ತೊಂದು ಕಮಿಟ್ ಕೊಡಬೇಕು. ತಪ್ಪೂ ದಾಖಲೆಯಲ್ಲಿರುತ್ತದೆ, ತಿದ್ದಿದ್ದೂ ಇರುತ್ತದೆ. ನಮ್ಮ ಕಾಮರ್ಸಿನವರಿಗೆ ಇದೇನು ಹೊಸದಲ್ಲ. ಲೆಡ್ಜರಿನ ಹಾಳೆ ಹರಿಯುವುದಿಲ್ಲ, ತಿದ್ದುಪಡಿ ಎಂಟ್ರಿ ಹಾಕುತ್ತೇವೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯುವುದು ಕಡ್ಡಾಯವೇ ಆಗಿದೆ.

ಊರಿನ ಹೆಸರಿನ ಬಗ್ಗೆ ಕೊನೆಗೆ ಹಿರಿಯರನ್ನೇ ಕೇಳಿದೆ. "ಎರಡೂ ಇರಲಪ್ಪ" ಅಂದರು. ಲೇಖನ ಇದೇ ಸಂಚಿಕೆಯಲ್ಲಿದೆ, ಪೊಲೀಸ್ ಠಾಣೆಯ ಸಮೇತ.