ಕುರಿಗೆ ಜಂತುನಾಶಕ ಹಾಕ್ತೀವಿ, ನಾಯಿಗೆ ಯಾಕೆ ಹಾಕಲ್ಲ?

ಬೇಸಿಗೆ ಭತ್ತ ಕಟಾವಾದ ಮೇಲೆ ನಮ್ಮ ಸಾರಥಿ ಕಡೆ ಗದ್ದೆಗಳಲ್ಲಿ ಕುರಿ ಮಂದೆ ನಿಲ್ಲಿಸೋದು ನಿಮಗೆಲ್ಲ ಗೊತ್ತಿರೋದೇ. ರಾತ್ರಿಗೆ ಇಷ್ಟು ಅಂತ ದುಡ್ಡೋ ಕಾಳೋ ಕೊಟ್ಟರೆ ನೂರಿನ್ನೂರು ಕುರಿ ಗದ್ದೆಯಲ್ಲೇ ಮಲಗುತ್ತವೆ. ಹಿಕ್ಕೆ, ಗಂಜಲ ಎರಡೂ ನೇರವಾಗಿ ನೆಲಕ್ಕೆ ಬೀಳುತ್ತೆ. ಚೀಲದ ಗೊಬ್ಬರ ಹಾಕದ ನನ್ನಂಥ ಸಾವಯವ ರೈತನಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಎರಡು ವರ್ಷದ ಹಿಂದೆ ಹೀಗೆ ಮಂದೆ ನಿಂತಾಗ ಅದರಲ್ಲೊಂದು ಕುರಿ ತಲೆ ಒಂದು ಕಡೆ ವಾಲಿಸಿಕೊಂಡು ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಮೇವು ಬಿಟ್ಟಿತ್ತು. "ಇದು ಉಳಿಯಂಗಿಲ್ಲ ಬಿಡ್ರಿ" ಅಂತ ಕುರಿ ಕಾಯೋ ಅಣ್ಣ ಅಲ್ಲೇ ಕೊಯ್ದರು. ಈಲಿ, ಅಂದರೆ ಲಿವರ್ ಮೇಲೆ ನೀರು ತುಂಬಿದ ಬಿಳಿ ಗುಳ್ಳೆಗಳಿದ್ದವು. ಅದನ್ನೂ ತಲೆಯನ್ನೂ ಬದುವಿನ ಆಚೆ ಎಸೆದರು. ಅವರ ಎರಡು ನಾಯಿ, ನಮ್ಮ ತೋಟದ ಕರಿಯ, ಮೂರೂ ಸೇರಿ ಹಂಚಿಕೊಂಡವು. ನಾನು ಚಹಾ ಕುಡೀತಾ ನೋಡ್ತಾ ನಿಂತಿದ್ದೆ.

ಅದೇ ವರ್ಷ ನಮ್ಮ ಚಿಕ್ಕಮ್ಮನಿಗೆ ಬಲಗಡೆ ಪಕ್ಕೆ ಕೆಳಗೆ ಭಾರ, ಆಗಾಗ ನೋವು. ದಾವಣಗೆರೆಗೆ ಕರಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ಮೂಸಂಬಿ ಗಾತ್ರದ ನೀರುಗುಳ್ಳೆ. ಹೈಡಾಟಿಡ್ ಅಂದರು. ಡಾಕ್ಟರ್ ಮೊದಲು ಕೇಳಿದ್ದೇ "ಮನೇಲಿ ನಾಯಿ ಇದೆಯಾ? ಸುತ್ತಮುತ್ತ ಕುರಿ ಇವೆಯಾ?" ಅಂತ. ಚಿಕ್ಕಮ್ಮನಿಗೆ ಸಿಟ್ಟು ಬಂತು. "ಜೀವಮಾನದಾಗ ಮಾಂಸ ಮುಟ್ಟಿದಾಕಿ ಅಲ್ಲ ನಾನು. ಕುರಿ ಹುಳ ನನಗೆಲ್ಲಿಂದ ಬರ್ತೈತಿ?"

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಿಕೊಂಡು ಹೋದಾಗ ನನಗೆ ನೆನಪಾದದ್ದು ಆ ಬದು.

ಈ ಹುಳುವಿನ ಹೆಸರು ಎಕೈನೊಕಾಕಸ್. ಇದೊಂದು ಲಾಡಿಹುಳು, ಆದರೆ ಅಕ್ಕಿ ಕಾಳಿಗಿಂತ ಚಿಕ್ಕದು. ದೊಡ್ಡ ಹುಳು ಬದುಕೋದು ನಾಯಿಯ ಸಣ್ಣ ಕರುಳಿನಲ್ಲಿ. ಸಾವಿರಗಟ್ಟಲೆ ಇದ್ದರೂ ನಾಯಿಗೆ ಏನೂ ಆಗಲ್ಲ, ಚೆನ್ನಾಗೇ ಬೊಗಳಿಕೊಂಡು ಇರುತ್ತೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಹುಳುವಿನ ಮೊಟ್ಟೆ ನಾಯಿಯ ಮಲದಲ್ಲಿ ಹೊರಗೆ ಬಂದು ಮಣ್ಣು, ಹುಲ್ಲು, ಸೊಪ್ಪು, ನಾಯಿಯ ಕೂದಲು, ಮೂತಿ ಎಲ್ಲ ಕಡೆ ಅಂಟುತ್ತೆ. ಕುರಿ ಮೇಯುವಾಗ ಆ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ಹೊರಬಂದು ರಕ್ತದ ಮೂಲಕ ಲಿವರ್ ಅಥವಾ ಶ್ವಾಸಕೋಶ ಸೇರಿ ನೀರುಗುಳ್ಳೆ ಕಟ್ಟುತ್ತೆ. ಗುಳ್ಳೆಯೊಳಗೆ ಮುಂದಿನ ಹುಳುಗಳ ತಲೆಗಳು ಸಾವಿರಾರು ಇರಬಹುದು. ಅದನ್ನು ನಾಯಿ ತಿಂದರೆ ಒಂದೊಂದು ತಲೆಯೂ ಒಂದೊಂದು ಹುಳು. ಆರೇಳು ವಾರದಲ್ಲಿ ಮತ್ತೆ ಮೊಟ್ಟೆ ಶುರು.

ಮನುಷ್ಯ ಇಲ್ಲಿ ಕುರಿಯ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾನೆ. ಕುರಿ ಮಾಂಸ ತಿಂದರೆ ಈ ರೋಗ ಬರಲ್ಲ. ಗುಳ್ಳೆ ಇರೋ ಈಲಿಯನ್ನೇ ತಿಂದರೂ ನಮಗೆ ಬರಲ್ಲ. ಬರೋದು ನಾಯಿಯ ಮಲದಲ್ಲಿರೋ ಮೊಟ್ಟೆ ಬಾಯಿಗೆ ಹೋದರೆ ಮಾತ್ರ. ಹಾಗಾಗಿ ಮಾಂಸ ತಿನ್ನೋರು, ತಿನ್ನದೋರು ಅನ್ನೋ ಭೇದ ಇದಕ್ಕಿಲ್ಲ. ಗುಳ್ಳೆ ಬೆಳೆಯೋದು ತುಂಬಾ ನಿಧಾನ, ವರ್ಷಗಟ್ಟಲೆ ಗೊತ್ತೇ ಆಗಲ್ಲ. ಚಿಕ್ಕಮ್ಮ ಆ ಮೊಟ್ಟೆ ನುಂಗಿದ್ದು ನಾನು ಚಹಾ ಕುಡೀತಾ ನಿಂತ ದಿನಕ್ಕಿಂತ ಎಷ್ಟೋ ಹಿಂದೆ. ಆದರೂ ನನಗೆ ಸಮಾಧಾನ ಇಲ್ಲ. ಯಾಕೆಂದರೆ ನಾನು ಬೆಳೆಯೋದು ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು. ನಮ್ಮ ಕಡೆ ಇದನ್ನು ರೊಟ್ಟಿ ಜೊತೆ ಹಸಿಯಾಗೇ ತಿಂತಾರೆ. ಸಂಜೆ ಹೊತ್ತು ತಂಪಾದ ಮಡಿ ಸಿಕ್ಕರೆ ಕರಿಯ ಮಲಗೋದೂ ಅಲ್ಲೇ, ಕೆರೆದು ಹೊಲಸು ಮಾಡೋದೂ ಅಲ್ಲೇ.

ಆ ಕುರಿ ಸುತ್ತುತ್ತಿತ್ತಲ್ಲ, ಅದಕ್ಕೆ ಕಾರಣ ಬೇರೆ ಹುಳು. ಟೀನಿಯಾ ಮಲ್ಟಿಸೆಪ್ಸ್ ಅಂತ, ಅದೂ ನಾಯಿಯ ಲಾಡಿಹುಳುವೇ. ಇದರ ಗುಳ್ಳೆ ಕಟ್ಟೋದು ಕುರಿಯ ಮೆದುಳಿನಲ್ಲಿ. ಗುಳ್ಳೆ ಒತ್ತಿದಾಗ ಕುರಿ ಒಂದೇ ದಿಕ್ಕಿಗೆ ತಿರುಗುತ್ತೆ. ಅಂಥ ಕುರಿಯ ತಲೆ ನಾಯಿಗೆ ಎಸೆದರೆ ಮುಂದಿನ ವರ್ಷದ ತಿರುಗು ಕುರಿಗೆ ನಾವೇ ಬಿತ್ತನೆ ಮಾಡಿದ ಹಾಗೆ.

ಎಲ್ಲ ಹುಳುವಿಗೂ ನಾಯಿಯೇ ಕಾರಣ ಅಂದುಕೊಳ್ಳಬೇಡಿ. ಭದ್ರಾ ನಾಲೆ ನೀರು ಹರಿಯೋ ಕಡೆ ದನ, ಎಮ್ಮೆ, ಕುರಿಗೆ ಗದ್ದದ ಕೆಳಗೆ ನೀರು ತುಂಬಿದ ಊತ ಬಂದರೆ ಅದು ಹೆಚ್ಚಾಗಿ ಲಿವರ್ ಫ್ಲೂಕ್ ಅಥವಾ ರಕ್ತ ಹೀರೋ ಜಂತು. ಫ್ಲೂಕನ್ನು ಹೊತ್ತು ತಿರುಗೋದು ನಾಲೆಯ ಸಣ್ಣ ಬಸವನಹುಳು. ಅದರದ್ದು ಬೇರೆ ಕಥೆ, ಬೇರೆ ಔಷಧಿ, ಇನ್ನೊಂದು ವಾರ ಬರೀತೀನಿ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಮಂದೆಯವರು ವರ್ಷಕ್ಕೆ ಎರಡು ಮೂರು ಸಲ ಕುರಿಗೆ ಜಂತಿನ ಔಷಧಿ ಕುಡಿಸ್ತಾರೆ. ಒಳ್ಳೆಯದೇ, ಕರುಳಿನ ಜಂತು ಸಾಯುತ್ತೆ. ಆದರೆ ಹಾಗೆ ಕುಡಿಸೋ ಔಷಧಿಯಿಂದ ಈಲಿಯ ಹೈಡಾಟಿಡ್ ಗುಳ್ಳೆ ಹೋಗಲ್ಲ. ಸರಪಳಿ ಕಡಿಯೋಕೆ ಇರೋದು ಎರಡೇ ಕಡೆ: ಗುಳ್ಳೆ ನಾಯಿಯ ಬಾಯಿಗೆ ಹೋಗಬಾರದು, ನಾಯಿಯ ಕರುಳಿನಲ್ಲಿ ಹುಳು ಉಳಿಯಬಾರದು.

ಇದು ಪುಸ್ತಕದ ಮಾತಲ್ಲ. ಕುರಿ ಸಾಕಣೆಯೇ ಬದುಕಾಗಿದ್ದ ಐಸ್‌ಲ್ಯಾಂಡ್‌ನಲ್ಲಿ 19ನೇ ಶತಮಾನದಲ್ಲಿ ಈ ರೋಗ ವಿಪರೀತ ಇತ್ತು. ಹರಾಲ್ಡ್ ಕ್ರಾಬೆ ಅನ್ನೋ ಡೆನ್ಮಾರ್ಕಿನ ವೈದ್ಯರು 1860ರ ದಶಕದಲ್ಲಿ ಅಲ್ಲಿಗೆ ಹೋಗಿ ನಾಯಿಗಳ ಕರುಳು ಸೀಳಿ ನೋಡಿ, ಹುಳು ಎಲ್ಲಿಂದ ಬರುತ್ತೆ ಅಂತ ಜನರಿಗೆ ತಿಳಿಸೋ ಸಣ್ಣ ಪುಸ್ತಿಕೆ ಬರೆದರು. 1890ರ ಹೊತ್ತಿಗೆ ನಾಯಿಗೆ ಔಷಧಿ ಹಾಕಬೇಕು, ಗುಳ್ಳೆಯಿರೋ ಅಂಗಾಂಗ ನಾಶ ಮಾಡಬೇಕು ಅಂತ ಕಾನೂನೇ ಬಂತು. 20ನೇ ಶತಮಾನದಲ್ಲಿ ರೋಗ ಅಲ್ಲಿಂದ ಹೊರಟೇ ಹೋಯ್ತು. ಆಗ ಅವರ ಹತ್ತಿರ ಇವತ್ತಿನಷ್ಟು ಒಳ್ಳೆ ಮಾತ್ರೆಯೂ ಇರಲಿಲ್ಲ.

ನಮ್ಮಲ್ಲಿ ಈಗ ಇದೆ. ಪ್ರಾಜಿಕ್ವಾಂಟೆಲ್. ನಾಯಿಯ ತೂಕ 10 ಕೆಜಿಗೆ 50 ಮಿಲಿಗ್ರಾಂ ಲೆಕ್ಕ. ಹುಳು ಮೊಟ್ಟೆ ಇಡೋ ಮುಂಚೆಯೇ ಕೊಲ್ಲಬೇಕಾದ್ದರಿಂದ, ಕುರಿ ಇರೋ ಕಡೆ ಆರರಿಂದ ಎಂಟು ವಾರಕ್ಕೊಮ್ಮೆ ಕೊಡಬೇಕು. ಅಷ್ಟು ಆಗದಿದ್ದರೆ ವರ್ಷಕ್ಕೆ ನಾಲ್ಕು ಸಲವಾದರೂ ಕೊಡಿ. "ಐವರ್ಮೆಕ್ಟಿನ್ ಇಂಜೆಕ್ಷನ್ ಮಾಡಿಸೀವಲ್ಲ" ಅಂತ ಕೆಲವರು ಹೇಳ್ತಾರೆ. ಅದು ಉಣ್ಣೆ, ದುಂಡುಹುಳುವಿಗೆ, ಲಾಡಿಹುಳುವಿಗೆ ಏನೂ ಮಾಡಲ್ಲ. ಮರಿ ನಾಯಿ, ಗಬ್ಬದ ನಾಯಿ ಇದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿಯೇ ಕೊಡಿ. ತೂಕ ನೋಡೋಕೆ ನಾನು ಕರಿಯನನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ತೀನಿ, ಆಮೇಲೆ ನನ್ನ ತೂಕ ಕಳೀತೀನಿ. ಮಾತ್ರೆಯನ್ನು ರೊಟ್ಟಿ ತುಂಡಿಗೆ ಬೆಣ್ಣೆ ಸವರಿ ಒಳಗೆ ಇಡಬೇಕು. ದಾವಣಗೆರೆ ಜಿಲ್ಲೆಯ ನಾಯಿ, ಬೆಣ್ಣೆ ಇಲ್ಲದೆ ಬಾಯಿ ತೆರೆಯಲ್ಲ. ಒಂದು ವಿಷಯ ಮರೀಬೇಡಿ: ಮಾತ್ರೆ ಹುಳು ಕೊಲ್ಲುತ್ತೆ, ಮೊಟ್ಟೆ ಕೊಲ್ಲಲ್ಲ. ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಆಳವಾಗಿ ಹೂಳಿ ಅಥವಾ ಸುಡಿ.

"ಸಾವಯವ ರೈತ ಆಗಿ ಇಂಗ್ಲಿಷ್ ಮಾತ್ರೆ ಹಾಕ್ತೀಯಾ?" ಅಂತ ಗೆಳೆಯರೊಬ್ಬರು ಕಿಚಾಯಿಸಿದರು. ಹಾಕ್ತೀನಿ. ಬೇವಿನಸೊಪ್ಪು ಅರೆದು ಕುಡಿಸಿ ಈ ಹುಳು ಹೋಯ್ತು ಅಂತ ಕೂರೋ ಧೈರ್ಯ ನನಗಿಲ್ಲ. ಜೀವಾಮೃತ ಹಾಕಿದ ಮಣ್ಣಿನಲ್ಲಿ ಮೊಟ್ಟೆ ಸಾಯುತ್ತೆ ಅಂತಲೂ ನಂಬಬೇಡಿ. ತೇವ, ತಂಪು ಇದ್ದರೆ ತಿಂಗಳುಗಟ್ಟಲೆ ಬದುಕೋ ಮೊಟ್ಟೆ ಅದು. ಅದು ಹೆದರೋದು ಬಿಸಿಗೆ ಮತ್ತು ಪೂರ್ತಿ ಒಣಗೋದಕ್ಕೆ. ಹಸಿ ಸೊಪ್ಪನ್ನು ಉಪ್ಪು ನೀರಿನಲ್ಲಿ ನೆನೆಸಿದರೆ ಮೊಟ್ಟೆ ಸಾಯಲ್ಲ, ಹರಿಯೋ ನೀರಿನಲ್ಲಿ ಎಲೆ ಎಲೆ ಬಿಡಿಸಿ ಎರಡು ಮೂರು ಸಲ ತೊಳೆದರೆ ಬಹಳಷ್ಟು ಕೊಚ್ಚಿಹೋಗುತ್ತೆ. ಬೇಯಿಸಿದರೆ ಚಿಂತೆಯೇ ಇಲ್ಲ. ನಾನು ಸೊಪ್ಪಿನ ಮಡಿಗಳ ಸುತ್ತ ಹಳೇ ಮೀನಿನ ಬಲೆ ಕಟ್ಟಿದ್ದೀನಿ, ಎರಡು ಅಡಿ ಎತ್ತರ ಆದರೂ ಕರಿಯ ದಾಟಲ್ಲ. ಸೋಮಾರಿ.

ಕಷ್ಟ ಇರೋದು ಕೊಯ್ಯೋ ಜಾಗದಲ್ಲಿ. ಜಾತ್ರೆ, ಹಬ್ಬದ ದಿನ ಊರ ತುಂಬ ಕುರಿ ಕೊಯ್ತಾರೆ, ಬೇಡದ್ದನ್ನು ನಾಯಿಗೆ ಹಾಕೋದು ಪುಣ್ಯ ಅಂತಲೇ ಲೆಕ್ಕ. ಗುಳ್ಳೆ ಕಂಡ ಈಲಿ, ಪುಪ್ಪುಸವನ್ನು ಅರ್ಧ ಗಂಟೆ ಕುದಿಸಿದರೆ ನಾಯಿಗೆ ಹಾಕಬಹುದು. ಇಲ್ಲದಿದ್ದರೆ ಮೂರ್ನಾಲ್ಕು ಅಡಿ ಗುಂಡಿ ತೋಡಿ, ಮೇಲೆ ಕಲ್ಲು ಹೇರಿ ಮುಚ್ಚಬೇಕು. ಮೇಲುಮೇಲೆ ಮಣ್ಣು ಎಳೆದರೆ ರಾತ್ರಿಯೇ ನಾಯಿ ಕೆದರುತ್ತೆ.

ಈ ವರ್ಷ ಅದೇ ಅಣ್ಣನ ಮಂದೆ ಬಂದಾಗ ಗದ್ದೆ ಮೂಲೆಯಲ್ಲಿ ಮೊದಲೇ ಗುಂಡಿ ತೋಡಿಸಿದ್ದೆ. ಅವರ ನಾಯಿಗಳಿಗೂ ಮಾತ್ರೆ ನಾನೇ ತಂದಿದ್ದೆ. ಮಂದೆಯ ಕೂಲಿಗೆ ಹೋಲಿಸಿದರೆ ಅದರ ಖರ್ಚು ಏನೂ ಅಲ್ಲ. ಅವರು ಖಾಲಿ ಪಟ್ಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು ಕೇಳಿದರು, "ಇನ್ನ ಎರಡು ತಿಂಗಳಿಗೆ ನಾವು ಯಾವ ಊರಾಗಿರ್ತೀವೋ. ಅಲ್ಲೂ ಇದು ಸಿಗ್ತೈತೇನ್ರಿ?" ಪಶು ಆಸ್ಪತ್ರೆಯಲ್ಲಿ ಪಟ್ಟಿ ತೋರಿಸಿ ಅಂದೆ.