ಕೆರೆಯ ಏರಿಯ ಮೇಲೊಂದು ಸ್ಕೆಚ್ ಪುಸ್ತಕ

ಕಾಡುಪ್ರಾಣಿ, ಹಕ್ಕಿ ಮತ್ತು ಅವು ಬಾಳುವ ನೆಲವನ್ನು ಅವುಗಳ ಎದುರಿನಲ್ಲೇ ಕುಳಿತು ಗೆರೆಗಳಲ್ಲಿ ಹಿಡಿಯುವ ಕಲೆಗೆ ಕ್ಷೇತ್ರ ರೇಖಾಂಕನ ಎನ್ನಬಹುದು. ಆಡುಮಾತಿನಲ್ಲಿ ಅದು ಬರಿಯ ಸ್ಕೆಚ್. ಕರ್ನಾಟಕದ ಬಯಲುಸೀಮೆಯಲ್ಲಿ ಈ ಅಭ್ಯಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಯ ತಿಂಗಳುಗಳಷ್ಟು ಅನುಕೂಲವಾದ ಕಾಲ ಬೇರೊಂದಿಲ್ಲ. ಗದಗದ ಆಸುಪಾಸಿನಲ್ಲಿ ಡಿಸೆಂಬರ್ ಕೊನೆಯ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿಯಷ್ಟೇ ಮೇಲೇರುವುದರಿಂದ, ಬೇಸಿಗೆಯ ನಡುನೆತ್ತಿಯ ಬಿಸಿಲು ಅಳಿಸಿಹಾಕುವ ಉಬ್ಬುತಗ್ಗುಗಳು ಈ ಕಾಲದಲ್ಲಿ ದಿನವಿಡೀ ನೆರಳಿನೊಡನೆ ಎದ್ದು ಕಾಣುತ್ತವೆ. ಎಲೆ ಉದುರಿಸುವ ಬೂರುಗದಂಥ ಮರಗಳ ಕೊಂಬೆಗಳ ಕಟ್ಟು ಬಯಲಾಗುತ್ತದೆ. ಅದೇ ಹೊತ್ತಿಗೆ ಉತ್ತರದ ವಲಸೆ ಹಕ್ಕಿಗಳು ಕೆರೆಗಳಿಗೆ ಇಳಿದಿರುತ್ತವೆ.

ಈ ದೃಷ್ಟಿಯಿಂದ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತೆರೆದ ಚಿತ್ರಶಾಲೆಯೆಂದೇ ಪರಿಗಣಿಸಬೇಕು. ಸುಮಾರು 54 ಹೆಕ್ಟೇರ್ ವಿಸ್ತೀರ್ಣದ ಈ ಸಂರಕ್ಷಿತ ತಾಣ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿತು. ಮಧ್ಯ ಏಷ್ಯಾದ ಪ್ರಸ್ಥಭೂಮಿಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಹಿಂಡುಹಿಂಡಾಗಿ ತಂಗುತ್ತವೆ. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ತುದಿಯಲ್ಲಿ ಕಪ್ಪಾದ ಹಳದಿ ಕೊಕ್ಕು, ಕಿತ್ತಳೆ ಛಾಯೆಯ ಕಾಲು, ತಿಳಿಬೂದು ಮೈ ಇವುಗಳ ಗುರುತು. ಸಂಜೆಯಿಂದ ಬೆಳಗಿನವರೆಗೆ ಸುತ್ತಲಿನ ಹೊಲಗಳಲ್ಲಿ ಮೇದು, ಹಗಲಿನಲ್ಲಿ ನೀರಿಗೆ ಮರಳಿ ವಿಶ್ರಮಿಸುವುದು ಇವುಗಳ ವಾಡಿಕೆಯಾದ್ದರಿಂದ, ಚಿತ್ರಕಾರನ ಪಾಲಿಗೆ ಗಂಟೆಗಟ್ಟಲೆ ಕದಲದ ಮಾದರಿಗಳು ಹಗಲಿನಲ್ಲೇ ದೊರೆಯುತ್ತವೆ. ಕಾಜಾಣ, ಕಳ್ಳಿಪೀರಗಳು ಇಂಥ ಔದಾರ್ಯ ತೋರುವುದಿಲ್ಲ.

ಭಾರತದಲ್ಲಿ ಪ್ರಾಣಿಪಕ್ಷಿಗಳ ಚಿತ್ರಣಕ್ಕೆ ದೊಡ್ಡ ಪರಂಪರೆಯೇ ಇದೆಯಾದರೂ ಅದರ ಪ್ರಸಿದ್ಧ ಉದಾಹರಣೆಗಳಲ್ಲಿ ಹಲವು ಸೆರೆಯ ಜೀವಿಗಳನ್ನು ನೋಡಿ ರಚಿತವಾದವು. 1612ರ ಸುಮಾರಿಗೆ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಬಂದ ಟರ್ಕಿ ಕೋಳಿಯನ್ನು ಉಸ್ತಾದ್ ಮನ್ಸೂರ್ ಚಿತ್ರಿಸಿದ್ದು ಹಾಗೆ. 1777ರಿಂದ ಕಲ್ಕತ್ತೆಯಲ್ಲಿ ಮೇರಿ ಇಂಪಿ ಸಾಕಿದ್ದ ಪ್ರಾಣಿಪಕ್ಷಿಗಳನ್ನು ಶೇಖ್ ಜೈನುದ್ದೀನ್, ಭವಾನಿ ದಾಸ್ ಮತ್ತು ರಾಮ್ ದಾಸ್ ಬರೆದದ್ದೂ ಹಾಗೆಯೇ. ಗರಿಗರಿಯನ್ನೂ ಎಣಿಸುವಂತೆ ಬಿಡಿಸಿದ ಆ ಚಿತ್ರಗಳ ನಯಕ್ಕೆ ಇಂದಿಗೂ ಸಾಟಿ ಸಿಗುವುದು ಕಷ್ಟ. ಆದರೆ ಹಕ್ಕಿ ಗಾಳಿಗೆ ಎದುರಾಗಿ ಹೇಗೆ ನಿಲ್ಲುತ್ತದೆ, ಹಿಂಡಿನಲ್ಲಿ ಎಷ್ಟು ಅಂತರ ಕಾಯ್ದುಕೊಳ್ಳುತ್ತದೆ ಎಂಬುದನ್ನು ಕೆರೆಯ ದಂಡೆಯಲ್ಲಿಯೇ ಕಲಿಯಬೇಕು.

ಕಲಿಕೆಯ ಮೊದಲ ಮೆಟ್ಟಿಲು ವಿವರಗಳನ್ನು ಬಿಡುವುದು. ಅನುಭವಿಗಳು ಕಣ್ಣು, ಗರಿಗಳಿಂದ ಆರಂಭಿಸದೆ, ಬೆನ್ನಿನ ಓಲು, ಕತ್ತಿನ ಬಾಗು, ಮೈಯ ತೂಕ ಕಾಲಿನ ಮೇಲೆ ಬೀಳುವ ರೀತಿ ಇವನ್ನು ಕೆಲವೇ ಸೆಕೆಂಡುಗಳಲ್ಲಿ ಸೂಚಿಸುವ ಚಲನರೇಖೆಯಿಂದ ತೊಡಗುತ್ತಾರೆ. ಹಕ್ಕಿ ಭಂಗಿ ಬದಲಿಸಿದೊಡನೆ ಆ ಚಿತ್ರವನ್ನು ಅಲ್ಲಿಗೇ ಬಿಟ್ಟು ಅದೇ ಹಾಳೆಯಲ್ಲಿ ಮತ್ತೊಂದನ್ನು ಆರಂಭಿಸಲಾಗುತ್ತದೆ. ಹಿಂಡಿನಲ್ಲಿ ಯಾವುದಾದರೊಂದು ಹಕ್ಕಿ ಹಳೆಯ ಭಂಗಿಗೆ ಬರುವುದು ಬಹುಮಟ್ಟಿಗೆ ಖಚಿತವಾದ್ದರಿಂದ, ಅರ್ಧಕ್ಕೆ ನಿಂತ ಗೆರೆಯನ್ನು ಆಗ ಮುಂದುವರಿಸಬಹುದು. ಅಂಗರಚನೆಯ ಅರಿವೂ ಬೇಕು: ಮೆಟ್ಟುಗಾಲು ಹಕ್ಕಿಯಂಥ ಉದ್ದ ಕಾಲಿನ ಹಕ್ಕಿಗಳಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ತೋರುವ ಗೆಣ್ಣು ನಿಜವಾಗಿ ಹಿಮ್ಮಡಿಯ ಕೀಲು, ಮೊಣಕಾಲು ಹೊಟ್ಟೆಯ ಗರಿಗಳೊಳಗೆ ಅಡಗಿರುತ್ತದೆ, ಇದು ತಿಳಿಯದಿದ್ದರೆ ನಿಂತ ಹಕ್ಕಿ ಕಾಗದದ ಮೇಲೆ ಮುಗ್ಗರಿಸಿದಂತೆ ಕಾಣುತ್ತದೆ. ಮುಕ್ಕಾಲಿಯ ಮೇಲೆ ನಿಲ್ಲಿಸಿದ ದೂರದರ್ಶಕ ಎರಡೂ ಕೈಗಳನ್ನು ಬಿಡುವಾಗಿಸುವುದರಿಂದ ಈ ಕೆಲಸಕ್ಕೆ ಬೈನಾಕ್ಯುಲರಿಗಿಂತ ಒಳ್ಳೆಯದು.

ಭೂದೃಶ್ಯದ ಕಷ್ಟ ಬೇರೆ ಬಗೆಯದು. ಅದೇ ಜಿಲ್ಲೆಯ ಕಪ್ಪತಗುಡ್ಡದ ಸಾಲುಗಳು ಬೆಳಗಿನ ಮಂಜಿನಲ್ಲಿ ದೂರ ಸರಿದಷ್ಟೂ ತಿಳಿಯಾಗಿ ನೀಲಿಗೆ ತಿರುಗುವುದನ್ನು, ಅಂದರೆ ವಾಯು ಪರಿಪ್ರೇಕ್ಷ್ಯವನ್ನು, ಎರಡು ಮೂರು ತೆಳುಲೇಪಗಳಲ್ಲಿ ತೋರಿಸಬಹುದು. ಆದರೆ ಹಿಂಗಾರಿ ಜೋಳ, ಕಡಲೆಯ ನಡುವೆ ಕಾಣುವ ಎರೆಮಣ್ಣು ಹೆಸರಿಗಷ್ಟೇ ಕಪ್ಪು. ಟ್ಯೂಬಿನ ಸಿದ್ಧ ಕಪ್ಪನ್ನು ಹಚ್ಚಿದರೆ ಹೊಲದಲ್ಲಿ ಗುಂಡಿ ಬಿದ್ದಂತಾಗುತ್ತದೆ. ಕಡುನೀಲಿಗೆ ಸುಟ್ಟ ಕಂದು ಬೆರೆಸಿದ ಬಣ್ಣ ಒಣಗಿದ ಎರೆಯ ಬೂದುತನಕ್ಕೆ ಹೆಚ್ಚು ಹತ್ತಿರ. ಬೆಳಗಿನ ತಂಪಿನಲ್ಲಿ ಜಲವರ್ಣ ಬೇಗ ಒಣಗದೆ ಒಂದರೊಳಗೊಂದು ಹರಡುತ್ತದೆ, ಮಧ್ಯಾಹ್ನದ ಒಣಗಾಳಿಯಲ್ಲಿ ಕುಂಚ ಎತ್ತುವಷ್ಟರಲ್ಲಿ ಅಂಚುಗಟ್ಟುತ್ತದೆ. ಆದುದರಿಂದ ಬೆಳಿಗ್ಗೆ ಪೆನ್ಸಿಲ್, ಬಿಸಿಲೇರಿದ ಮೇಲೆ ಬಣ್ಣ ಎಂಬ ಕ್ರಮ ಲೇಸು. ನೀರಿಗೆ ಸುಕ್ಕುಗಟ್ಟದಿರಲು 300 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ, ತಕ್ಕದ್ದು.

ದಿನಾಂಕ, ವೇಳೆ, ಗಾಳಿಯ ದಿಕ್ಕು, ಕೊಕ್ಕು ಮತ್ತು ಕಾಲುಗಳ ಬಣ್ಣ ಇವನ್ನು ಹಾಳೆಯ ಅಂಚಿನಲ್ಲಿ ಬರೆದಿಡುವುದರಿಂದ ಚಿತ್ರ ದಾಖಲೆಯೂ ಆಗುತ್ತದೆ. ಅಂಥ ಹಾಳೆಯನ್ನು ಮನೆಗೆ ತಂದು ಛಾಯಾಚಿತ್ರ ನೋಡಿ ಪೂರ್ತಿಗೊಳಿಸುವ ರೂಢಿ ವ್ಯಾಪಕವಾಗಿದ್ದರೂ ಅದು ಒಪ್ಪತಕ್ಕದ್ದಲ್ಲ. ಕ್ಯಾಮೆರಾ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಹಿಡಿದ ರೆಕ್ಕೆಯನ್ನು ಏರಿಯ ಮೇಲೆ ಕುಳಿತವನ ಕಣ್ಣು ಕಂಡೇ ಇರುವುದಿಲ್ಲವಾದ್ದರಿಂದ, ಹಾಗೆ ಸೇರಿಸಿದ ಗರಿಗಳು ಕಂಡದ್ದನ್ನೂ ಕಾಣದ್ದನ್ನೂ ಬೇರ್ಪಡಿಸಲಾಗದಂತೆ ಬೆರೆಸಿಬಿಡುತ್ತವೆ.