ಮಂಗನ ಕಾಯಿಲೆಯೂ ಬೋಧನಾ ಆಸ್ಪತ್ರೆಯೂ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಊರಿನ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಅಚ್ಚಾಗಿದೆ. ಆದರೆ ಈ ಕೀರ್ತಿ ಊರಿನವರು ಬಯಸಿ ಪಡೆದುದಲ್ಲ. 1957ರ ಬೇಸಗೆಯ ಆರಂಭದಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದುವು. ಸೌದೆ ಸೊಪ್ಪಿಗಾಗಿ ಕಾಡಿಗೆ ಹೋಗಿ ಬಂದವರು ತೀವ್ರ ಜ್ವರದಿಂದ ಮಲಗುತ್ತಿದ್ದರು. ಸುದ್ದಿ ತಿಳಿದು ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದರು. ಏಷ್ಯಾ ಖಂಡದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಇಲ್ಲಿಗೆ ಕಾಲಿಟ್ಟಿತೋ ಎಂಬ ಶಂಕೆ ಅವರಿಗೆ ಮೊದಲು ಹುಟ್ಟಿತು. ಪರೀಕ್ಷಿಸಿ ನೋಡಲು, ಅದು ಅದುವರೆಗೆ ಯಾರೂ ಅರಿಯದ ಹೊಸ ವೈರಸ್ ಎಂದು ತಿಳಿಯಿತು. ಅದನ್ನು ಹರಡುವುದು ಕಾಡಿನ ಉಣುಗು. ಇದನ್ನು ಉಣ್ಣೆ ಎಂದೂ ಕರೆಯುವುದುಂಟು. ಜನರು ಇಟ್ಟ ಹೆಸರು ಮಂಗನ ಕಾಯಿಲೆ. ಶಾಸ್ತ್ರದ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ.

ಈ ಕಾಯಿಲೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ತಲೆದೋರುವುದು. ಹಠಾತ್ತಾಗಿ ಜ್ವರ, ತಲೆನೋವು, ಮೈಕೈ ನೋವು, ಬಳಿಕ ಕೆಲವರಲ್ಲಿ ರಕ್ತಸ್ರಾವ. ರೋಗಿಗಳಲ್ಲಿ ನೂರಕ್ಕೆ ಮೂವರಿಂದ ಐವರು ಸಾಯುವರೆಂದು ಅಂದಾಜು. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇನ್ನೂ ದೊರೆತಿಲ್ಲ. ಹಾಗಾದರೆ ಆಸ್ಪತ್ರೆಗೆ ಹೋಗಿ ಪ್ರಯೋಜನವೇನು ಎಂದು ವಾಚಕರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಜಿಲ್ಲೆಗೊಂದು ಬೋಧನಾ ಆಸ್ಪತ್ರೆ ಏಕೆ ಬೇಕೆಂಬುದೂ ತಿಳಿಯುವುದು.

ಸೊರಬದಲ್ಲಿಯೂ ಶಿಕಾರಿಪುರದಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಇವುಗಳಿಂದ ಮುಂದಕ್ಕೆ ಕಳುಹಿಸಿದ ರೋಗಿಯು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವನು. ಶಿಕಾರಿಪುರದಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು, ಸೊರಬದಿಂದ 80ಕ್ಕೂ ಹೆಚ್ಚು. ಬಹುಕಾಲ ಜಿಲ್ಲಾ ಆಸ್ಪತ್ರೆಯಾಗಿದ್ದ ಇದು, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 2007ರಲ್ಲಿ ತರಗತಿಗಳು ಆರಂಭವಾದ ಮೇಲೆ ಬೋಧನಾ ಆಸ್ಪತ್ರೆಯಾಯಿತು.

ಇಷ್ಟು ದೂರದ ಒಂದೇ ಊರಿನಲ್ಲಿ ಎಲ್ಲವನ್ನೂ ಕೂಡಿಸುವುದಕ್ಕೆ ಬದಲಾಗಿ ಪ್ರತಿ ತಾಲ್ಲೂಕಿಗೂ ಎಲ್ಲವನ್ನೂ ಹಂಚಬಾರದೇಕೆ? ಒಂದು ಸರಳ ಲೆಕ್ಕವನ್ನು ಮಾಡೋಣ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬನಿಗೆ ಮಾತ್ರ ಬರುವ ಒಂದು ಅಪರೂಪದ ರೋಗವಿದೆಯೆಂದು ಭಾವಿಸಿರಿ. ಗುಡ್ಡಗಾಡು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಅಲ್ಲಿಯ ವೈದ್ಯನು ಈ ರೋಗವನ್ನು ಸರಾಸರಿ ಐದು ವರ್ಷಗಳಿಗೊಮ್ಮೆ ನೋಡುವನು. ಸುಮಾರು ಎರಡು ಲಕ್ಷ ಜನರಿರುವ ತಾಲ್ಲೂಕಿನಲ್ಲಿ ವರ್ಷಕ್ಕೆ ಇಬ್ಬರು ರೋಗಿಗಳು. 2011ರ ಜನಗಣತಿಯಂತೆ 17 ಲಕ್ಷಕ್ಕೂ ಹೆಚ್ಚು ಜನರಿರುವ ಇಡೀ ಜಿಲ್ಲೆಯಲ್ಲಾದರೋ ವರ್ಷಕ್ಕೆ ಹದಿನೇಳು ಮಂದಿ. ಐದು ವರ್ಷಗಳಿಗೊಮ್ಮೆ ಕಂಡ ರೋಗವನ್ನು ಎಷ್ಟು ಬುದ್ಧಿವಂತನಾದರೂ ಮರೆಯಬಹುದು. ವರ್ಷಕ್ಕೆ ಹದಿನೇಳು ಬಾರಿ ಕಂಡದ್ದು ಕಣ್ಣಿಗೂ ಕೈಗೂ ಅಭ್ಯಾಸವಾಗುವುದು. ಹಳ್ಳಿಗೆ ಅಪರೂಪವಾದುದು ಜಿಲ್ಲೆಗೆ ಪರಿಚಿತವಾಗುವುದು. ದೊಡ್ಡ ಆಸ್ಪತ್ರೆಯ ಬಲ ಕಟ್ಟಡದ ಎತ್ತರದಲ್ಲಿಲ್ಲ, ಈ ಪರಿಚಯದಲ್ಲಿದೆ.

ಇನ್ನೊಂದು ಕಾರಣವು ನಮ್ಮ ಭೌತಶಾಸ್ತ್ರಕ್ಕೆ ಸೇರಿದ್ದು. ಮಂಗನ ಕಾಯಿಲೆಯಲ್ಲಿ ರಕ್ತದ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕಡಿಮೆಯಾಗುವುದುಂಟು. ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುವು. ಇವು ತೀರ ಇಳಿದು ರಕ್ತಸ್ರಾವವಾದರೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳನ್ನು ಕೊಡಬೇಕಾಗುವುದು. ಬೇರ್ಪಡಿಸುವ ಬಗೆ ಸ್ವಾರಸ್ಯವಾದುದು. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ ಕೆಂಪು ಕಣಗಳದು ಸುಮಾರು 1.10, ರಕ್ತದ ದ್ರವಭಾಗದ್ದು 1.03ರ ಹತ್ತಿರ, ಪ್ಲೇಟ್‌ಲೆಟ್‌ಗಳದು ಇವೆರಡರ ನಡುವೆ. ರಕ್ತದ ಚೀಲವನ್ನು ಯಂತ್ರದಲ್ಲಿಟ್ಟು ಮೆಲ್ಲನೆ ತಿರುಗಿಸಿದರೆ ಭಾರವಾದ, ದೊಡ್ಡದಾದ ಕೆಂಪು ಕಣಗಳು ಮೊದಲು ತಳಕ್ಕೆ ಸರಿಯುವುವು. ಪ್ಲೇಟ್‌ಲೆಟ್‌ಗಳು ದ್ರವದಲ್ಲಿಯೇ ತೇಲುತ್ತಿರುವುವು. ಆ ದ್ರವವನ್ನು ಬೇರೆ ಚೀಲಕ್ಕೆ ಹಾಯಿಸಿ ಮತ್ತಷ್ಟು ವೇಗವಾಗಿ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳೂ ತಳ ಸೇರುವುವು. ಮಜ್ಜಿಗೆ ಕಡೆಯುವಾಗ ಹಗುರವಾದ ಬೆಣ್ಣೆ ಮೇಲೆ ಬರುವುದನ್ನು ಬಲ್ಲ ನಮಗೆ, ಸಾಂದ್ರತೆಯ ವ್ಯತ್ಯಾಸದ ಈ ಉಪಾಯ ಹೊಸದೆನಿಸದು.

ಆದರೆ ಹೀಗೆ ಪಡೆದ ಪ್ಲೇಟ್‌ಲೆಟ್‌ಗಳು ಐದು ದಿನಗಳಷ್ಟೇ ಬಾಳುವುವು. ಅಲ್ಲಿಯವರೆಗೂ ಅವನ್ನು 20ರಿಂದ 24 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಸದಾ ಅಲುಗಾಡಿಸುತ್ತ ಇಡಬೇಕು. ತಿಂಗಳಿಗೊಬ್ಬ ರೋಗಿ ಬರುವ ಕಡೆ ಸಂಗ್ರಹಿಸಿಟ್ಟರೆ ಬಹುಪಾಲು ಹಾಳಾಗುವುದು. ಸಂಗ್ರಹಿಸದಿದ್ದರೆ ರೋಗಿ ಬಂದ ದಿನ ಇರುವುದಿಲ್ಲ. ಇಡೀ ಜಿಲ್ಲೆಯ ಅಗತ್ಯವು ಒಂದೆಡೆ ಕೂಡಿದಾಗ ಮಾತ್ರ ಇಂಥ ವಸ್ತುವು ಸದಾ ಕೈಗೆ ಸಿಗುವಂತಿರಲು ಸಾಧ್ಯ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲದಿದ್ದರೂ, ದೇಹವು ತಾನೇ ರೋಗವನ್ನು ಗೆಲ್ಲುವವರೆಗೆ ದ್ರವವನ್ನೂ ರಕ್ತಾಂಶವನ್ನೂ ಕೊಟ್ಟು ಪ್ರಾಣವನ್ನು ಹಿಡಿದಿಡುವುದೇ ಇಲ್ಲಿಯ ಚಿಕಿತ್ಸೆ. ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಇನ್ನು ಬೋಧನೆಯ ಮಾತು. ವಿದ್ಯಾರ್ಥಿಗಳು ಸುತ್ತುವರಿದು ನಿಂತರೆ ರೋಗಿಗೆ ಕಿರಿಕಿರಿಯಲ್ಲವೇ ಎಂಬ ಸಂಶಯ ಸಹಜ. ರೋಗಿಯ ಒಪ್ಪಿಗೆಯೂ ಮರ್ಯಾದೆಯೂ ಮೊದಲು ಎಂಬುದನ್ನು ಅಲ್ಲಿ ಕಲಿಸಲೇಬೇಕು. ಆದರೆ ಈ ಪದ್ಧತಿಯಿಂದ ರೋಗಿಗೂ ಲಾಭವುಂಟು. ವಿದ್ಯಾರ್ಥಿಯು ರೋಗಿಯ ಕಥೆಯನ್ನು ಮೊದಲಿನಿಂದ ಕೇಳಿ ಬರೆದುಕೊಳ್ಳುವನು, ಅಧ್ಯಾಪಕನು ಅದನ್ನು ತಿದ್ದುವನು, ‘ಹೀಗೇಕೆ ಹೇಳುವೆ?’ ಎಂದು ಕೇಳುವನು. ಕೇಳಿದ ಪ್ರಶ್ನೆಗೆ ಕಾರಣ ಕೊಡಬೇಕಾದ ಕಡೆ ಅವಸರದ ತೀರ್ಮಾನಕ್ಕೆ ಎಡೆ ಕಡಿಮೆ. ‘ಜ್ವರಕ್ಕೆ ಮುಂಚೆ ಕಾಡಿಗೆ ಹೋಗಿದ್ದಿರಾ? ಸುತ್ತಮುತ್ತ ಮಂಗ ಸತ್ತಿತ್ತೇ?’ ಎಂಬ ಎರಡು ಪ್ರಶ್ನೆಗಳು ಒಂದು ಜೀವದ ಗತಿಯನ್ನೇ ಬದಲಿಸಬಹುದು. ಈ ಪ್ರಶ್ನೆಗಳನ್ನು ಕಲಿತ ತರುಣ ವೈದ್ಯನು ನಾಳೆ ಹಳ್ಳಿಯ ಕೇಂದ್ರಕ್ಕೆ ಹೋಗಿ ಕುಳಿತಾಗ, ಬೋಧನಾ ಆಸ್ಪತ್ರೆಯ ಅರಿವೂ ಅವನೊಡನೆ ಹಳ್ಳಿಗೆ ಹೋಗುವುದು.

ಹಾಗೆಂದು ದೊಡ್ಡ ಆಸ್ಪತ್ರೆಯೊಂದೇ ಸಾಕೆಂದು ಭಾವಿಸಬಾರದು. 80 ಕಿಲೋಮೀಟರು ದಾರಿಯು ರಕ್ತಸ್ರಾವವಾಗುತ್ತಿರುವವನಿಗೆ ಬಹಳ ಉದ್ದ. ಜ್ವರ ಬಂದು ನಾಲ್ಕು ದಿನ ಮನೆಯಲ್ಲಿ ಕಳೆದು, ಬಳಿಕ ಹೊರಟವನಿಗೆ ಎಂಥ ಆಸ್ಪತ್ರೆಯೂ ಕೆಲವೊಮ್ಮೆ ನೆರವಾಗಲಾರದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಈ ಕಾಯಿಲೆ ಹಲವರ ಪ್ರಾಣ ತೆಗೆದುದನ್ನು ನಾವು ಮರೆಯುವಂತಿಲ್ಲ. ಸತ್ತ ಮಂಗವನ್ನು ಕಂಡೊಡನೆ ತಿಳಿಸುವ ಗ್ರಾಮಸ್ಥ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ರಕ್ತದ ಮಾದರಿಯನ್ನು ತಣ್ಣಗಿಟ್ಟು ಕಳುಹಿಸುವ ಆರೋಗ್ಯ ಕೇಂದ್ರ, ಕಾಲ ಮೀರುವ ಮೊದಲೇ ರೋಗಿಯನ್ನು ಮುಂದಕ್ಕೆ ಕಳುಹಿಸುವ ತಾಲ್ಲೂಕು ವೈದ್ಯ: ಇವರೆಲ್ಲ ಒಂದೇ ಸರಪಳಿಯ ಕೊಂಡಿಗಳು. ಕೊನೆಯ ಕೊಂಡಿ ಎಷ್ಟು ಗಟ್ಟಿಯಾಗಿದ್ದರೂ ಮೊದಲನೆಯದು ಕಳಚಿದರೆ ಸರಪಳಿ ನಿಲ್ಲದು.

1957ರಲ್ಲಿ ಹೊಸ ವೈರಸ್ಸಿನ ಸುಳಿವು ಮೊದಲು ಸಿಕ್ಕಿದ್ದು ಕಾಡಿನಲ್ಲಿ ಸತ್ತು ಬಿದ್ದ ಮಂಗಗಳಿಂದ. ಪ್ರಯೋಗಶಾಲೆಯ ಸರದಿ ಬಂದದ್ದು ಆಮೇಲೆ. ನಮ್ಮ ಕಿರಿಯ ವಾಚಕರಲ್ಲಿ ಕೆಲವರು ಮುಂದೆ ವೈದ್ಯರಾಗಬಹುದು, ಉಳಿದವರು ಬೇರೆ ಕೆಲಸ ಹಿಡಿಯಬಹುದು. ಕಂಡದ್ದನ್ನು ಗಮನವಿಟ್ಟು ನೋಡಿ, ತಿಳಿಸಬೇಕಾದವರಿಗೆ ತಡಮಾಡದೆ ತಿಳಿಸುವ ಕೆಲಸಕ್ಕೆ ಯಾವ ಪದವಿಯೂ ಬೇಡ. ಬೋಧನಾ ಆಸ್ಪತ್ರೆಯ ಕೆಲಸ ಆರಂಭವಾಗುವುದೂ ಅಲ್ಲಿಂದಲೇ.